ನೋವು ನಿಂತಿತು, ಕಾಯಿಲೆ ನಿಲ್ಲಲಿಲ್ಲ

"ಹೊಟ್ಟೆನೋವು ಹೋಗಿ ವರ್ಷವಾಯ್ತು ಡಾಕ್ಟ್ರೇ. ಈಗ ಏನೂ ತೊಂದರೆಯಿಲ್ಲ. ಇವಳ ಬಲವಂತಕ್ಕೆ ಬಂದೆ, ಅಷ್ಟೆ" ಎಂದರು ಎದುರು ಕೂತವರು. ಪಕ್ಕದಲ್ಲಿದ್ದ ಹೆಂಡತಿ ಮಾತಾಡಲಿಲ್ಲ. ಗಂಡನ ಬೆಲ್ಟಿನ ಕಡೆ ಒಮ್ಮೆ ನೋಡಿ ನನ್ನ ಕಡೆ ನೋಡಿದರು. ಬೆಲ್ಟಿನಲ್ಲಿ ಮೊಳೆಯಿಂದ ಚುಚ್ಚಿದ ಮೂರು ಹೊಸ ತೂತುಗಳಿದ್ದವು. ತೂಕ ನೋಡಿದರೆ ಹಳೆಯ ಚೀಟಿಯಲ್ಲಿದ್ದುದಕ್ಕಿಂತ 11 ಕಿಲೋ ಕಡಿಮೆ. ಮಲ ಹೇಗೆ ಹೋಗುತ್ತದೆ ಎಂದು ಕೇಳಿದೆ. ಮುಜುಗರದಿಂದಲೇ ಹೇಳಿದರು: ಬಣ್ಣ ಪೇಲವ, ನಾತ ತಡೆಯಲಾಗದು, ಎಷ್ಟು ನೀರು ಸುರಿದರೂ ಜಿಡ್ಡು ಅಂಟಿಕೊಂಡೇ ಇರುತ್ತದೆ.

ಅವರಿಗಿದ್ದದ್ದು ಮೇದೋಜೀರಕ ಗ್ರಂಥಿಯ ದೀರ್ಘಕಾಲಿಕ ಉರಿಯೂತ. ನಾವು ವೈದ್ಯರು ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಎನ್ನುತ್ತೇವೆ. ನೋವು ಹೋದದ್ದು ನಿಜ, ಆದರೆ ಗ್ರಂಥಿ ವಾಸಿಯಾಗಿ ಹೋದದ್ದಲ್ಲ. ಅವರ ವಿಷಯದಲ್ಲಿ ಗ್ರಂಥಿಯೇ ಸವೆದು ಹೋಗಿತ್ತು. ಈ ಕಾಯಿಲೆಯನ್ನು ನೋವಿನಿಂದ ಅಳೆಯುವವರು ರೋಗಿಗಳು ಮಾತ್ರವಲ್ಲ, ಎಷ್ಟೋ ಸಲ ನಾವೂ ಹಾಗೇ ಮಾಡುತ್ತೇವೆ. ನೋವಿನ ಮಾತ್ರೆ ಬರೆದುಕೊಟ್ಟು, ನೋವು ಕಡಿಮೆಯಾದ ಮೇಲೆ ಮುಂದಿನದನ್ನು ಕೇಳುವುದೇ ಇಲ್ಲ.

ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ. ಉದ್ದ ಸುಮಾರು 15 ಸೆಂಟಿಮೀಟರ್, ತೂಕ ನೂರು ಗ್ರಾಂ ಆಸುಪಾಸು. ಇಷ್ಟು ಸಣ್ಣದು ದಿನಕ್ಕೆ ಒಂದರಿಂದ ಎರಡು ಲೀಟರ್ ರಸ ಸುರಿಸುತ್ತದೆ. ಕೊಬ್ಬನ್ನು ಒಡೆಯುವ ಲೈಪೇಸ್, ಪಿಷ್ಟವನ್ನು ಒಡೆಯುವ ಅಮೈಲೇಸ್, ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್, ಜೊತೆಗೆ ಜಠರದ ಹುಳಿಯನ್ನು ತಣಿಸುವ ಕ್ಷಾರ, ಎಲ್ಲವೂ ಅದರಲ್ಲಿರುತ್ತವೆ. ಇದು ಒಂದು ಕೆಲಸ. ಇನ್ನೊಂದು ಕೆಲಸ ಇನ್ಸುಲಿನ್, ಗ್ಲುಕಗಾನ್ ಮುಂತಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುವುದು.

ಮಾಂಸವನ್ನೇ ಕರಗಿಸುವ ರಸವನ್ನು ತಯಾರಿಸುವ ಗ್ರಂಥಿ ತಾನೇ ಏಕೆ ಕರಗಿಹೋಗುವುದಿಲ್ಲ? ವಿದ್ಯಾರ್ಥಿಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಟ್ರಿಪ್ಸಿನ್ ಗ್ರಂಥಿಯೊಳಗೆ ಇರುವಾಗ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಸಣ್ಣ ಕರುಳು ತಲುಪಿದ ಮೇಲೆ ಅಲ್ಲಿಯ ಇನ್ನೊಂದು ಕಿಣ್ವ ಆ ಬೀಗ ತೆಗೆಯುತ್ತದೆ. ಅಪ್ಪಿತಪ್ಪಿ ಒಳಗೇ ಬೀಗ ತೆರೆದುಕೊಂಡರೆ ಹಿಡಿದು ಕಟ್ಟಿಹಾಕಲು ಕಾವಲಿನ ಪ್ರೋಟೀನೂ ಇದೆ. ಈ ವ್ಯವಸ್ಥೆ ಮತ್ತೆ ಮತ್ತೆ ಕೆಟ್ಟಾಗ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳಲು ತೊಡಗುತ್ತದೆ. ಉರಿಯೂತ ಬರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲ ಒಂದಿಷ್ಟು ಮೆತ್ತನೆಯ ಅಂಗಾಂಶ ಸತ್ತು ಅಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ತುಂಬಿಕೊಳ್ಳುತ್ತದೆ. ನಾಳಗಳು ಎಲ್ಲೋ ಕಿರಿದಾಗಿ, ಎಲ್ಲೋ ಉಬ್ಬಿ, ನಿಂತ ರಸದಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ ಕಲ್ಲುಗಳಾಗುತ್ತವೆ. ನಾರಾದದ್ದು ಮತ್ತೆ ಗ್ರಂಥಿಯಾಗುವುದಿಲ್ಲ. ಒಮ್ಮೆ ಬಂದು ವಾಸಿಯಾಗುವ ತೀವ್ರ ಉರಿಯೂತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಕಾರಣದ ಮಾತು ಬಂದಾಗ ಕೋಣೆಯಲ್ಲಿ ಎಲ್ಲರ ಕಣ್ಣೂ ರೋಗಿಯ ಮೇಲೆ ನೆಡುತ್ತವೆ. "ಕುಡೀತಿದ್ರಾ?" ಮದ್ಯ ದೊಡ್ಡ ಕಾರಣ ಹೌದು. ಆದರೆ ವಿಪರೀತ ಕುಡಿಯುವವರಲ್ಲೂ ಈ ಕಾಯಿಲೆ ಬರುವುದು ಕೆಲವರಿಗೆ ಮಾತ್ರ, ಮತ್ತು ಒಂದು ಹನಿಯೂ ಮುಟ್ಟದವರಿಗೂ ಬರುತ್ತದೆ. ಹದಿನಾರರ ಹುಡುಗಿಯೊಬ್ಬಳಿಗೆ ಈ ಕಾಯಿಲೆ ಎಂದಾಗ ನೆಂಟರು ಅವಳನ್ನು ಅನುಮಾನದಿಂದ ನೋಡಿದ್ದನ್ನು ನಾನು ಮರೆತಿಲ್ಲ. ಅವಳಲ್ಲಿದ್ದದ್ದು ವಂಶವಾಹಿಯ ದೋಷ. ಟ್ರಿಪ್ಸಿನ್‌ಗೆ ಸಂಬಂಧಿಸಿದ ಪಿಆರ್‌ಎಸ್‌ಎಸ್1 ಎಂಬ ಜೀನಿನ ದೋಷದಿಂದ ಕುಟುಂಬಗಳಲ್ಲಿ ಈ ಕಾಯಿಲೆ ಹರಿದುಬರುತ್ತದೆ ಎಂದು 1996ರಲ್ಲೇ ಗೊತ್ತಾಯಿತು. ಆಮೇಲೆ ಕಾವಲಿನ ಪ್ರೋಟೀನಿನ ಸ್ಪಿಂಕ್1, ರಸವನ್ನು ತೆಳುವಾಗಿಡುವ ಸಿಎಫ್‌ಟಿಆರ್ ಜೀನುಗಳ ದೋಷಗಳೂ ಪಟ್ಟಿಗೆ ಸೇರಿದವು. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ ಸಾವಿರ ಮಿಲಿಗ್ರಾಂ ದಾಟುವುದು, ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯಿಂದ ಕ್ಯಾಲ್ಸಿಯಂ ಏರುವುದು, ನಾಳಕ್ಕೆ ಅಡ್ಡಿಯಾಗುವುದು ಇವೂ ಕಾರಣಗಳೇ. ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಒಂದು ಬಗೆಯೂ ಇದೆ. ಅದು ಸ್ಟೀರಾಯ್ಡ್‌ಗೆ ಚೆನ್ನಾಗಿ ಬಗ್ಗುತ್ತದೆ, ಹಾಗಾಗಿ ಅದನ್ನು ಗುರುತಿಸದೆ ಬಿಡಬಾರದು. ಎಲ್ಲ ಹುಡುಕಿದರೂ ಕಾರಣ ಸಿಗದವರೂ ಕಡಿಮೆಯೇನಿಲ್ಲ.

ಎಲ್ಲರೂ ಮರೆಯುವ ಕಾರಣ ತಂಬಾಕು. ಮದ್ಯದ ಹಂಗಿಲ್ಲದೆ ಸಿಗರೇಟೊಂದೇ ಈ ಕಾಯಿಲೆ ತರಬಲ್ಲದು. ಇರುವ ಕಾಯಿಲೆಯನ್ನು ಬೇಗ ಬಲಿಸುತ್ತದೆ, ಕಲ್ಲು ಕಟ್ಟಿಸುತ್ತದೆ. "ಕುಡಿತ ಬಿಟ್ಟೆ ಡಾಕ್ಟ್ರೇ, ಇದೊಂದು ಇರಲಿ" ಎಂದು ಚೌಕಾಸಿ ಮಾಡುವವರಿಗೆ ನನ್ನ ಉತ್ತರ ಒಂದೇ: ಗ್ರಂಥಿ ಚೌಕಾಸಿಗೆ ಒಪ್ಪುವುದಿಲ್ಲ.

ನೋವಿನ ಸ್ವಭಾವವನ್ನು ಒಮ್ಮೆ ಕೇಳಿಸಿಕೊಂಡರೆ ಗುರುತು ಹತ್ತುತ್ತದೆ. ಮೇಲು ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಇರಿಯುತ್ತದೆ, ಊಟವಾದ ಮೇಲೆ ಹೆಚ್ಚುತ್ತದೆ, ಮೊಣಕಾಲು ಮಡಚಿ ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಆರಾಮ. ಕೆಲವರಿಗೆ ತಿಂಗಳುಗಟ್ಟಲೆ ಬಿಡುವು ಕೊಟ್ಟು ಬರುತ್ತದೆ, ಕೆಲವರಿಗೆ ದಿನವೂ ಇರುತ್ತದೆ. ತಿಂದರೆ ನೋವು ಎಂದು ತಿನ್ನಲು ಹೆದರುವವರೂ ಇದ್ದಾರೆ. ಅವರ ತೂಕ ಇಳಿಯುವುದಕ್ಕೆ ಅರ್ಧ ಕಾರಣ ಆ ಹೆದರಿಕೆ. ಇನ್ನು ನೋವೇ ಇಲ್ಲದೆ, ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಂದು ಸ್ಕ್ಯಾನ್‌ನಲ್ಲಿ ಗ್ರಂಥಿಯ ತುಂಬ ಕಲ್ಲು ಕಂಡವರನ್ನೂ ನೋಡಿದ್ದೇನೆ. ಸ್ಕ್ಯಾನ್‌ನಲ್ಲಿ ಕಾಣುವ ಹಾಳಿಗೂ ರೋಗಿ ಪಡುವ ನೋವಿಗೂ ಲೆಕ್ಕ ತಾಳೆಯಾಗುವುದಿಲ್ಲ. ವರ್ಷಗಟ್ಟಲೆ ನೋವು ಬಡಿದ ಮೇಲೆ ನರಗಳೂ ಮಿದುಳೂ ಅತಿ ಸೂಕ್ಷ್ಮವಾಗಿ, ಸಣ್ಣ ಪ್ರಚೋದನೆಗೂ ದೊಡ್ಡದಾಗಿ ಕೂಗುತ್ತವೆ. ಇದನ್ನು 'ಎಲ್ಲಾ ಮನಸ್ಸಿನದು' ಎಂದು ತಳ್ಳಿಹಾಕುವ ವೈದ್ಯರ ಮೇಲೆ ನನಗೆ ಸಿಟ್ಟಿದೆ.

ರಕ್ತಪರೀಕ್ಷೆಯೂ ದಾರಿ ತಪ್ಪಿಸುತ್ತದೆ. ಅಮೈಲೇಸ್, ಲೈಪೇಸ್ ಏರಿದ್ದರೆ ಮಾತ್ರ ಮೇದೋಜೀರಕದ ತೊಂದರೆ ಎಂದು ಹಲವರು ನಂಬಿದ್ದಾರೆ. ತೀವ್ರ ಉರಿಯೂತದಲ್ಲಿ ಅವು ಏರುತ್ತವೆ, ಸರಿ. ಆದರೆ ಬಹುಪಾಲು ನಾರಾಗಿ ಹೋದ ಗ್ರಂಥಿಯಲ್ಲಿ ಏರಲು ಕಿಣ್ವವಾದರೂ ಎಲ್ಲಿದೆ? ರಿಪೋರ್ಟು ನಾರ್ಮಲ್ ಬಂದಿತೆಂದು ಸಮಾಧಾನಪಟ್ಟುಕೊಂಡು ಹೋದವರು ಎರಡು ವರ್ಷದ ಮೇಲೆ ಮೂಳೆಚಕ್ಕಳವಾಗಿ ಬಂದದ್ದುಂಟು. ಸಿಟಿ ಸ್ಕ್ಯಾನ್ ಕಲ್ಲುಗಳನ್ನು ಚೆನ್ನಾಗಿ ತೋರಿಸುತ್ತದೆ, ಎಂಆರ್‌ಐ ನಾಳದ ಆಕಾರವನ್ನು. ಇವೆರಡರಲ್ಲೂ ಕಾಣದ ಆರಂಭದ ಬದಲಾವಣೆಗೆ ಎಂಡೋಸ್ಕೋಪಿಯ ತುದಿಯಲ್ಲಿ ಅಲ್ಟ್ರಾಸೌಂಡ್ ಇಟ್ಟು ನೋಡುತ್ತೇವೆ. ಜೀರ್ಣಶಕ್ತಿ ಎಷ್ಟು ಉಳಿದಿದೆ ಎಂದು ತಿಳಿಯಲು ಮಲದಲ್ಲಿ ಇಲಾಸ್ಟೇಸ್ ಎಂಬ ಕಿಣ್ವ ಅಳೆಯುವುದು ಸುಲಭ. ಗ್ರಾಂಗೆ 200 ಮೈಕ್ರೋಗ್ರಾಂ ಕೆಳಗಿದ್ದರೆ ಅನುಮಾನ, 100ರ ಕೆಳಗಿದ್ದರೆ ಕೊರತೆ ಬಹುಮಟ್ಟಿಗೆ ಖಚಿತ. ನೀರಾಗಿ ಭೇದಿಯಾಗುತ್ತಿರುವಾಗ ಕೊಟ್ಟ ಮಾದರಿಯಲ್ಲಿ ಮಾತ್ರ ಅಂಕಿ ಸುಳ್ಳಾಗಿ ಕಡಿಮೆ ತೋರಿಸುತ್ತದೆ.

ಇನ್ನು ಕ್ಯಾಪ್ಸೂಲಿನ ವಿಷಯ. ನನ್ನ ಹೊರರೋಗಿ ವಿಭಾಗದಲ್ಲಿ ಅತಿ ಹೆಚ್ಚು ಸಮಯ ತಿನ್ನುವುದು ಇದೇ, ಮತ್ತು ತಿನ್ನಲಿ ಎಂದೇ ನನ್ನ ಆಸೆ. ಗ್ರಂಥಿಯ ಕಿಣ್ವ ತಯಾರಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 90 ಹೋದ ಮೇಲಷ್ಟೆ ಮಲದಲ್ಲಿ ಜಿಡ್ಡು ಕಣ್ಣಿಗೆ ಬೀಳುತ್ತದೆ. ಅಂದರೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಆಗ ಹೊರಗಿನಿಂದ ಕಿಣ್ವ ಕೊಡಬೇಕು. ಕ್ಯಾಪ್ಸೂಲ್ ಬರೆದುಕೊಡುವುದು ಸುಲಭ. ಹೇಗೆ ನುಂಗಬೇಕೆಂದು ಹೇಳದೆ ಕಳಿಸಿದರೆ ಬರೆಯದಿದ್ದಂತೆಯೇ.

ಬೆಲ್ಟಿನವರು ಹಿಂದೊಮ್ಮೆ ಇದೇ ಕ್ಯಾಪ್ಸೂಲನ್ನು ಆರು ತಿಂಗಳು ತಗೊಂಡಿದ್ದರು, "ಏನೂ ಉಪಯೋಗವಾಗಲಿಲ್ಲ" ಎಂದು ಬಿಟ್ಟಿದ್ದರು. ಯಾವಾಗ ತಗೋತಿದ್ದಿರಿ ಎಂದರೆ, "ಬೆಳಿಗ್ಗೆ ಖಾಲಿ ಹೊಟ್ಟೆಗೆ, ಗ್ಯಾಸಿನ ಮಾತ್ರೆ ಜೊತೆ." ಕಿಣ್ವಕ್ಕೆ ಕೆಲಸ ಇರುವುದು ಅನ್ನದ ಜೊತೆ. ಅನ್ನವಿಲ್ಲದ ಹೊಟ್ಟೆಯಲ್ಲಿ ಅದು ಏನನ್ನು ಜೀರ್ಣಿಸಬೇಕು? ಕ್ಯಾಪ್ಸೂಲಿನೊಳಗಿನ ಸಣ್ಣ ಸಣ್ಣ ಕಾಳುಗಳಿಗೆ ಹುಳಿ ತಾಗದಂಥ ಹೊದಿಕೆ ಇರುತ್ತದೆ. ಜಠರ ದಾಟಿ, ಹುಳಿ ಕಡಿಮೆಯಿರುವ ಸಣ್ಣ ಕರುಳಿನಲ್ಲಿ ಅದು ಕರಗಿ ಕಿಣ್ವ ಹೊರಬರುತ್ತದೆ. ಆ ಹೊತ್ತಿಗೆ ತುತ್ತೂ ಅಲ್ಲಿಗೆ ಬಂದಿರಬೇಕು. ಹಾಗಾಗಿ ಮೊದಲ ತುತ್ತಿನ ಜೊತೆ ಒಂದು, ಒಂದಕ್ಕಿಂತ ಹೆಚ್ಚಿದ್ದರೆ ಉಳಿದದ್ದು ಊಟದ ನಡುವೆ. ಊಟ ಮುಗಿಸಿ ಕೈತೊಳೆದ ಮೇಲೆ ನೆನಪಾದರೆ ಅರ್ಧ ಕೆಟ್ಟಿತು. ಅಗಿಯಬಾರದು, ಪುಡಿ ಮಾಡಬಾರದು. ನುಂಗಲಾಗದವರು ಕ್ಯಾಪ್ಸೂಲ್ ಬಿಚ್ಚಿ ಕಾಳುಗಳನ್ನು ಹಣ್ಣಿನ ತಿರುಳಿನಂಥ ಸ್ವಲ್ಪ ಹುಳಿಯಿರುವ ಮೆತ್ತನೆಯ ಪದಾರ್ಥದಲ್ಲಿ ಕಲಸಿ ಕೂಡಲೇ ನುಂಗಬಹುದು. ಬಿಸಿ ಪದಾರ್ಥದಲ್ಲಿ ಬೇಡ.

ಪ್ರಮಾಣದ ತಪ್ಪು ನಮ್ಮ ಕಡೆಯದು. ದೊಡ್ಡವರಿಗೆ ಪ್ರತಿ ಮುಖ್ಯ ಊಟಕ್ಕೆ 40,000ದಿಂದ 50,000 ಯೂನಿಟ್ ಲೈಪೇಸ್, ತಿಂಡಿಗೆ ಅದರ ಅರ್ಧ, ಇದು ಆರಂಭದ ಲೆಕ್ಕ. ದಿನಕ್ಕೆ 10,000ದ ಒಂದು ಕ್ಯಾಪ್ಸೂಲ್ ಬರೆದು ಫಲ ಕಾಣಲಿಲ್ಲವೆಂದರೆ ಔಷಧದ ತಪ್ಪೇನು? ಸರಿಯಾಗಿ ತಗೊಂಡರೂ ತೂಕ ಏರದಿದ್ದರೆ ಪ್ರಮಾಣ ಹೆಚ್ಚಿಸುತ್ತೇವೆ, ಜಠರದ ಹುಳಿ ತಗ್ಗಿಸುವ ಮಾತ್ರೆ ಸೇರಿಸುತ್ತೇವೆ, ಕರುಳಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರಬಹುದೇ ಎಂದು ನೋಡುತ್ತೇವೆ. ಇನ್ನೊಂದು ಮಾತನ್ನು ಮುಚ್ಚಿಡಬಾರದು. ಈ ಕಿಣ್ವವನ್ನು ತೆಗೆಯುವುದು ಹಂದಿಯ ಮೇದೋಜೀರಕದಿಂದ. ಧರ್ಮ ಅಥವಾ ಆಹಾರ ನಿಯಮದಿಂದ ಕೆಲವರಿಗೆ ಇದು ಗಂಭೀರ ವಿಷಯ. ಮೊದಲೇ ಹೇಳಿದರೆ ಯೋಚಿಸಿ ತೀರ್ಮಾನಿಸುತ್ತಾರೆ. ಆಮೇಲೆ ಎಲ್ಲೋ ಓದಿ ತಿಳಿದರೆ ಔಷಧವನ್ನೂ ಬಿಡುತ್ತಾರೆ, ವೈದ್ಯರ ಮೇಲಿನ ನಂಬಿಕೆಯನ್ನೂ ಬಿಡುತ್ತಾರೆ.

ಜಿಡ್ಡು ಪೂರ್ತಿ ಬಿಡಿ ಎನ್ನುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಆಗಲೇ ಸೊರಗಿದ ದೇಹಕ್ಕೆ ಅದು ಇನ್ನಷ್ಟು ಕೇಡು. ಈಗ ಹೇಳುವುದು ಇಷ್ಟು: ಕಿಣ್ವದ ಜೊತೆ ಸಾಮಾನ್ಯ ಪ್ರಮಾಣದ ಕೊಬ್ಬು ತಿನ್ನಿ, ಪ್ರೋಟೀನ್ ಹೆಚ್ಚಿರಲಿ, ಎರಡು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ. ನಾರಿನಂಶ ತೀರ ಹೆಚ್ಚಾದರೆ ಕಿಣ್ವದ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೊಬ್ಬು ಹೀರದ ಕರುಳು ಎ, ಡಿ, ಇ, ಕೆ ವಿಟಮಿನ್‌ಗಳನ್ನೂ ಸರಿಯಾಗಿ ಹೀರುವುದಿಲ್ಲ. ಮೂಳೆ ಟೊಳ್ಳಾಗುತ್ತದೆ. ಐವತ್ತು ದಾಟದವರಿಗೆ ಸಣ್ಣ ಜಾರುವಿಕೆಗೇ ಸೊಂಟದ ಮೂಳೆ ಮುರಿದಾಗ ಹೊಟ್ಟೆಯ ಕಥೆಯನ್ನೂ ಕೇಳಬೇಕು.

ಸಕ್ಕರೆ ಕಾಯಿಲೆ ಇಲ್ಲಿ ಬೇರೆಯದೇ ಬಗೆ. ಟೈಪ್ 3ಸಿ ಎಂದು ಕರೆಯುತ್ತೇವೆ. ಇನ್ಸುಲಿನ್ ತಯಾರಿಸುವ ಕೋಶಗಳ ಜೊತೆ, ಸಕ್ಕರೆ ಇಳಿದಾಗ ಮೇಲೆತ್ತುವ ಗ್ಲುಕಗಾನ್ ಕೋಶಗಳೂ ಹೋಗಿರುತ್ತವೆ. ಹಾಗಾಗಿ ಇನ್ಸುಲಿನ್ ಕೊಂಚ ಹೆಚ್ಚಾದರೂ, ಒಂದು ಊಟ ತಪ್ಪಿದರೂ ಸಕ್ಕರೆ ಧೊಪ್ಪನೆ ಕುಸಿಯುತ್ತದೆ. ಜೊತೆಗೆ ಮದ್ಯವೂ ಇದ್ದರೆ ಅಪಾಯ ದುಪ್ಪಟ್ಟು. ಕಿಣ್ವ ಸರಿಯಾಗಿ ಶುರು ಮಾಡಿದ ಮೇಲೆ ಆಹಾರ ಹೀರಿಕೆ ಹೆಚ್ಚಿ ಸಕ್ಕರೆಯೂ ಏರಬಹುದು. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಕ್ಯಾಪ್ಸೂಲನ್ನೇ ದೂರುತ್ತಾರೆ.

ನೋವಿನ ಚಿಕಿತ್ಸೆಗೆ ಕೊನೆಗೆ ಬರುತ್ತಿರುವುದು ಅದು ಸಣ್ಣದೆಂದಲ್ಲ. ಪ್ಯಾರಸಿಟಮಾಲ್‌ನಿಂದ ಶುರು, ಬೇಕಾದರೆ ಟ್ರಮಡಾಲ್, ನರದ ನೋವಿಗೆ ಪ್ರೆಗಬಾಲಿನ್. ಅಫೀಮಿನ ಜಾತಿಯ ಬಲವಾದ ಔಷಧಗಳು ನೋವು ತಗ್ಗಿಸುತ್ತವೆ, ಆದರೆ ಬಿಡಿಸಲು ಬಾರದ ಗಂಟಾಗುತ್ತವೆ. ನಾಳದಲ್ಲಿ ಕಲ್ಲಿದ್ದು ರಸ ಕಟ್ಟಿಕೊಂಡಿದ್ದರೆ ಹೊರಗಿನಿಂದ ಆಘಾತ ತರಂಗಗಳಿಂದ ಪುಡಿ ಮಾಡಿ, ಎಂಡೋಸ್ಕೋಪಿಯಿಂದ ತೆಗೆದು, ಕಿರಿದಾದ ಕಡೆ ನಾಳವನ್ನು ತೆರೆದಿಡುವ ಸಣ್ಣ ಕೊಳವೆ, ಅಂದರೆ ಸ್ಟೆಂಟ್ ಇಡಬಹುದು. ಶಸ್ತ್ರಚಿಕಿತ್ಸೆ ಎಂದರೆ ಎಲ್ಲ ಸೋತ ಮೇಲಿನದು ಎಂಬುದು ಬಹಳ ಕಾಲ ನಮ್ಮ ಅಭ್ಯಾಸವಾಗಿತ್ತು. ನಾನೂ ಹಾಗೇ ಮುಂದೂಡುತ್ತಿದ್ದೆ. 2020ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 88 ರೋಗಿಗಳ ಅಧ್ಯಯನ ಪ್ರಕಟಿಸಿದರು: ನಾಳ ಹಿಗ್ಗಿ, ಬಲವಾದ ನೋವಿನ ಔಷಧ ಶುರುವಾಗಿ ಹೆಚ್ಚು ಕಾಲವಾಗದವರಲ್ಲಿ ಬೇಗ ಶಸ್ತ್ರಚಿಕಿತ್ಸೆ ಮಾಡಿದಾಗ, ಮೊದಲು ಎಂಡೋಸ್ಕೋಪಿ ಮಾಡಿದ್ದಕ್ಕಿಂತ ಒಂದೂವರೆ ವರ್ಷದ ಅವಧಿಯಲ್ಲಿ ನೋವು ಕಡಿಮೆಯಿತ್ತು. ಎಲ್ಲರಿಗೂ ಕತ್ತಿ ಹಿಡಿಯಿರಿ ಎಂದು ಇದರರ್ಥವಲ್ಲ. ಆದರೆ ಐದನೆಯ ಸ್ಟೆಂಟ್ ಹಾಕುವ ಮುಂಚೆ ಒಮ್ಮೆ ಶಸ್ತ್ರವೈದ್ಯರ ಮುಂದೆ ಕೂರಿಸಿ ಎಂದು ಈಗ ಹೇಳುತ್ತೇನೆ.

ಬೆಲ್ಟಿನವರಿಗೆ ಈ ಯಾವುದೂ ಬೇಕಾಗಲಿಲ್ಲ. ಕ್ಯಾಪ್ಸೂಲ್ ಊಟದ ನಡುವೆ ಬಂತು, ವಿಟಮಿನ್ ಡಿ ಶುರುವಾಯಿತು, ಸಕ್ಕರೆಗೆ ಇನ್ಸುಲಿನ್ ಬೇಕಾಯಿತು. ನಾಲ್ಕು ತಿಂಗಳಲ್ಲಿ ಐದು ಕಿಲೋ ಬಂತು. ಆದರೂ ಮೂರು ತಿಂಗಳಿಗೊಮ್ಮೆ ಬನ್ನಿ ಎಂದಿದ್ದೇನೆ. ಈ ಕಾಯಿಲೆ ಇರುವವರಿಗೆ ಮೇದೋಜೀರಕದ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ವಂಶದಿಂದ ಬಂದ ಬಗೆಯಲ್ಲಿ ಇನ್ನೂ ಹೆಚ್ಚು. ಕಿಣ್ವ ಸರಿಯಾಗಿ ತಗೊಳ್ಳುತ್ತಿದ್ದೂ ತೂಕ ಮತ್ತೆ ಇಳಿದರೆ, ಕಣ್ಣು ಹಳದಿಯಾದರೆ, ನೋವಿನ ಚಹರೆಯೇ ಬದಲಾದರೆ ಕಾಯದೆ ಬರಬೇಕು. ಹೋದ ವಾರ ಬಂದಾಗ ಅವರು ಕೇಳಿದರು, "ಕ್ಯಾಪ್ಸೂಲ್ ಇನ್ನೆಷ್ಟು ದಿನ ಡಾಕ್ಟ್ರೇ?" ನಾನು ಉತ್ತರಿಸುವ ಮೊದಲೇ ಹೆಂಡತಿ ಹೇಳಿದರು: "ಊಟ ಎಷ್ಟು ದಿನ ಮಾಡ್ತೀರೋ ಅಷ್ಟು ದಿನ."