ಮೊದಲು ತಳಿಯ ಕಾಯಿಲೆ ಓದಿ, ಆಮೇಲೆ ಪಾಲಿಸಿ

ಮರಿ ತಂದ ಹೊಸದರಲ್ಲಿ ಲಸಿಕೆ, ಜಂತುಹುಳದ ಔಷಧಿ, ಊಟ, ಸ್ನಾನ ಎಲ್ಲವನ್ನೂ ಕೇಳಿ ಬರೆದುಕೊಳ್ಳುವವರು ವಿಮೆಯ ಮಾತು ಎತ್ತುವುದು ಬಹುತೇಕ ನಾಯಿ ಕುಂಟತೊಡಗಿದ ಮೇಲೆ. ಅಷ್ಟು ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಮಿಶ್ರತಳಿಯ ಗಟ್ಟಿಮುಟ್ಟಾದ ನಾಯಿಗೆ ಈ ತಡದಿಂದ ದೊಡ್ಡ ನಷ್ಟ ಆಗದಿರಬಹುದು. ಆದರೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಡಾಬರ್‌ಮನ್, ಡ್ಯಾಶ್‌ಹುಂಡ್, ಕವೇಲಿಯರ್, ಪಗ್‌ನಂಥ ತಳಿಗಳಿಗೆ ಯಾವ ಕಾಯಿಲೆ ಬರಬಹುದೆಂದು ನಮಗೆ ಮೊದಲೇ ಗೊತ್ತು. ನಮಗೆ ಗೊತ್ತಿರುವುದು ವಿಮಾ ಕಂಪನಿಗೂ ಗೊತ್ತು.

ಎಲ್ಲಕ್ಕಿಂತ ಹೆಚ್ಚು ಕ್ಲೇಮುಗಳನ್ನು ನುಂಗುವುದನ್ನು ನಾನು ಕಂಡಿರುವುದು ‘ಮೊದಲೇ ಇದ್ದ ಕಾಯಿಲೆ’ ಎಂಬ ಷರತ್ತು. ಡಾಕ್ಟರು ಪರೀಕ್ಷಿಸಿ ಹೆಸರಿಟ್ಟ ಕಾಯಿಲೆ ಮಾತ್ರ ಇದರೊಳಗೆ ಬರುತ್ತದೆಂದು ಜನ ತಿಳಿಯುತ್ತಾರೆ. ಹಾಗಲ್ಲ. ಹೆಸರೇ ಬೇಕಿಲ್ಲ, ಲಕ್ಷಣ ಕಂಡಿದ್ದರೆ ಸಾಕು. ಏಳು ತಿಂಗಳ ಲ್ಯಾಬ್ರಡಾರ್ ಮರಿಯೊಂದು ಲಸಿಕೆಗೆ ಬಂದಿದೆ ಎನ್ನಿ. ಮನೆಯವರು ಮಾತಿನ ನಡುವೆ ಒಂದು ವಿಷಯ ಹೇಳುತ್ತಾರೆ, ನಾನು ಕೇಸ್‌ಶೀಟಿನಲ್ಲಿ ಬರೆಯುತ್ತೇನೆ: “ಎಡ ಹಿಂಗಾಲು ತುಸು ಕುಂಟು. ಮಲಗಿ ಎದ್ದಾಗ ಜಾಸ್ತಿ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸರಿ.” ಎಕ್ಸ್‌ರೇ ಇಲ್ಲ, ಮಾತ್ರೆ ಇಲ್ಲ, ಎಲ್ಲರೂ ಮರೆಯುತ್ತಾರೆ. ಮರುತಿಂಗಳು ಪಾಲಿಸಿ ಕೊಳ್ಳುತ್ತಾರೆ. ಎರಡು ವರ್ಷ ಕಳೆದು ಸೊಂಟದ ಕೀಲು ಸವೆದು ಹಿಪ್ ಡಿಸ್‌ಪ್ಲೇಸಿಯಾ ಎಂದು ಗೊತ್ತಾಗಿ ಕ್ಲೇಮು ಹಾಕಿದಾಗ, ಕಂಪನಿ ತರಿಸಿಕೊಳ್ಳುವುದು ಆ ನಾಯಿಯ ಮೊದಲ ದಿನದಿಂದಿನ ಕೇಸ್‌ಶೀಟು. ಅದರಲ್ಲಿ ಆ ಎರಡು ಸಾಲು ಕೂತಿರುತ್ತವೆ.

“ಡಾಕ್ಟ್ರೇ, ಅದೊಂದನ್ನ ಬರೀದೇ ಬಿಡೋಕಾಗಲ್ವಾ?” ಎಂದು ಕೇಳುವವರುಂಟು. ಆಗಲ್ಲ. ನಾಳೆ ಇನ್ನೊಬ್ಬ ಡಾಕ್ಟರು ಆ ನಾಯಿಗೆ ಅರಿವಳಿಕೆ ಕೊಡುವ ಮುಂಚೆ ನಂಬುವುದು ಅದೇ ಹಾಳೆಯನ್ನು. ನೀವು ಮಾಡಬಹುದಾದ್ದು ಒಂದೇ: ಬರೆಯುವಂಥದ್ದೇನೂ ಇಲ್ಲದಾಗಲೇ, ಅಂದರೆ ಎಂಟು-ಹತ್ತು ವಾರದ ಮರಿಯಿದ್ದಾಗಲೇ, ಪಾಲಿಸಿ ಮಾಡಿಸುವುದು. ಕೊಂಡ ದಿನವೇ ರಕ್ಷಣೆ ಶುರುವಾಗುವುದಿಲ್ಲ ಎಂಬುದೂ ನೆನಪಿರಲಿ. ಮಾಮೂಲಿ ಕಾಯಿಲೆಗಳಿಗೆ ಕೆಲವು ವಾರ ಕಾಯಬೇಕು. ಮೂಳೆ-ಕೀಲಿನ ತೊಂದರೆಗಳಿಗೆ ಕೆಲವು ಕಂಪನಿಗಳು ಆರು ತಿಂಗಳವರೆಗೂ ಕಾಯಿಸುತ್ತವೆ. ಆ ಅವಧಿಯಲ್ಲಿ ಕಂಡ ಕುಂಟೂ ‘ಮೊದಲೇ ಇದ್ದದ್ದು’ ಎಂದೇ ಲೆಕ್ಕ.

ಎಡ-ಬಲದ ಷರತ್ತನ್ನು ಜನ ಗಮನಿಸುವುದೇ ಇಲ್ಲ. ಜೋಡಿಯಾಗಿರುವ ಅಂಗದಲ್ಲಿ ಒಂದು ಕಡೆ ಮೊದಲೇ ತೊಂದರೆ ಇದ್ದರೆ ಇನ್ನೊಂದು ಕಡೆಗೂ ಹಣ ಕೊಡುವುದಿಲ್ಲ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ಹಿಪ್ ಡಿಸ್‌ಪ್ಲೇಸಿಯಾ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ಮೊಣಕಾಲಿನ ಕೀಲನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಎಂಬ ಕಟ್ಟು ಒಂದು ಕಾಲಿನಲ್ಲಿ ಹರಿದ ನಾಯಿಗಳಲ್ಲಿ ಗಣನೀಯ ಪಾಲಿಗೆ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ದೊಡ್ಡ ತಳಿಯ ನಾಯಿ ಸಾಕಿರುವವರಿಗೆ ಪಾಲಿಸಿಯ ಪುಟಗಳಲ್ಲಿ ಇದಕ್ಕಿಂತ ದುಬಾರಿ ವಾಕ್ಯ ಸಿಗುವುದು ಕಷ್ಟ.

ಇನ್ನು ‘ಹುಟ್ಟಿನಿಂದ ಬಂದ ದೋಷಗಳಿಗೆ ರಕ್ಷಣೆ ಇದೆ’ ಎಂಬ ಸಾಲು ನೋಡಿ ನೆಮ್ಮದಿಯಾಗಬೇಡಿ. ಹಿಪ್ ಡಿಸ್‌ಪ್ಲೇಸಿಯಾ ಆನುವಂಶಿಕ, ಆದರೆ ಹುಟ್ಟುವಾಗ ಮರಿಯ ಕೀಲು ಸರಿಯಾಗಿಯೇ ಇರುತ್ತದೆ, ಬೆಳೆಯುತ್ತಾ ಸಡಿಲವಾಗುತ್ತದೆ. ಡಾಬರ್‌ಮನ್‌ನ ಹೃದಯದ ಕಾಯಿಲೆಯೂ ವಂಶದಿಂದ ಬಂದದ್ದೇ, ತಲೆ ಎತ್ತುವುದು ಮಾತ್ರ ನಡುವಯಸ್ಸಿನಲ್ಲಿ. ಆದ್ದರಿಂದ ಆನುವಂಶಿಕ ಕಾಯಿಲೆಗೆ ರಕ್ಷಣೆ ಇದೆಯೆಂದು ಪಾಲಿಸಿಯಲ್ಲಿ ಬೇರೆಯಾಗಿಯೇ ಬರೆದಿರಬೇಕು, ವಯಸ್ಸಿನ ಮಿತಿ ಹಾಕಿದ್ದಾರೆಯೇ ಎಂದೂ ನೋಡಬೇಕು.

ಡಾಬರ್‌ಮನ್ ವಿಷಯ ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ಡೈಲೇಟೆಡ್ ಕಾರ್ಡಿಯೋಮಯೋಪತಿಯಲ್ಲಿ ಹೃದಯದ ಸ್ನಾಯು ಸೋತು, ಹೃದಯ ಹಿಗ್ಗುತ್ತದೆ. ವರ್ಷಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ, ಕೆಲವು ನಾಯಿಗಳಲ್ಲಿ ಮೊದಲ ಲಕ್ಷಣವೇ ದಿಢೀರ್ ಸಾವು. ಅದಕ್ಕೇ ಮೂರು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮತ್ತು 24 ಗಂಟೆ ಹೃದಯಬಡಿತ ದಾಖಲಿಸುವ ಹೋಲ್ಟರ್ ಮಾಡಿಸಿ ಎನ್ನುತ್ತೇವೆ. ಲಕ್ಷಣ ಕಾಣುವ ಮೊದಲೇ ಪಿಮೊಬೆಂಡಾನ್ ಎಂಬ ಹೃದಯದ ಮಾತ್ರೆ ಶುರು ಮಾಡಿದರೆ ಡಾಬರ್‌ಮನ್‌ಗಳಲ್ಲಿ ಹೃದಯ ಸೋಲುವುದು ಮುಂದಕ್ಕೆ ಹೋಗುತ್ತದೆ. ಆದರೆ ಆ ಮಾತ್ರೆ ದಿನಾ, ಬದುಕಿರುವವರೆಗೆ. ಇಂಥ ಕಾಯಿಲೆಗೆ ‘ಒಂದು ಕಾಯಿಲೆಗೆ ಹನ್ನೆರಡು ತಿಂಗಳು ಮಾತ್ರ ಹಣ’ ಎಂಬ ಅಗ್ಗದ ಪಾಲಿಸಿ ನಿರರ್ಥಕ. ಒಂದು ಕಾಯಿಲೆಗೆ ಜೀವಮಾನಕ್ಕೆ ಇಷ್ಟೇ ಎಂದು ಮಿತಿ ಹಾಕಿದ್ದೂ ಬೇಗ ಮುಗಿದುಹೋಗುತ್ತದೆ. ವರ್ಷವರ್ಷವೂ ಮಿತಿ ಹೊಸದಾಗಿ ತುಂಬಿಕೊಳ್ಳುವ ಪಾಲಿಸಿಯೇ ಬೇಕು. ಹೃದಯದ ಕವಾಟ ಸವೆಯುವ ಕವೇಲಿಯರ್‌ಗೂ ಇದೇ ಮಾತು.

ಡ್ಯಾಶ್‌ಹುಂಡ್‌ನ ಕಥೆ ಬೇರೆ. ಬೆನ್ನುಮೂಳೆಯ ಡಿಸ್ಕ್ ಜಾರಿದರೆ ಎಂಆರ್‌ಐ, ತುರ್ತು ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸ ಎಲ್ಲ ಒಂದೇ ವಾರದಲ್ಲಿ ಬಂದು ಬೀಳುತ್ತವೆ. ಇಲ್ಲಿ ನೋಡಬೇಕಾದ್ದು ವರ್ಷದ ಮಿತಿ ಎಷ್ಟು ದೊಡ್ಡದು, ಸ್ಕ್ಯಾನಿಂಗ್‌ಗೆ ಒಳಮಿತಿ ಇದೆಯೇ, ಫಿಸಿಯೋಥೆರಪಿ ಸೇರಿದೆಯೇ ಎಂಬುದು.

ಪಗ್, ಫ್ರೆಂಚ್ ಬುಲ್‌ಡಾಗ್ ಇದ್ದರೆ ಉಸಿರಾಟದ ದಾರಿ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಹಣ ಕೊಡುತ್ತೀರಾ ಎಂದು ಕಂಪನಿಯನ್ನು ನೇರವಾಗಿ ಕೇಳಿ. ಚಪ್ಪಟೆ ಮೂತಿ ಆ ತಳಿಯ ಸಹಜ ಲಕ್ಷಣವೇ ಎಂದು ಹೇಳಿ ಜಾರಿಕೊಳ್ಳುವ ದಾರಿ ಕಂಪನಿಗೆ ಇರಬಾರದು. ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ, ಫೋನಿನಲ್ಲಿ ಹೇಳಿದ್ದು ಕ್ಲೇಮಿನ ದಿನ ಯಾರಿಗೂ ನೆನಪಿರುವುದಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸುವ ಆಸೆಯಿದ್ದವರೂ, ಅದರಲ್ಲಿ ದೋಷದ ಜೀನ್ ಕಂಡರೆ ಅದನ್ನು ಹೇಗೆ ಪರಿಗಣಿಸುತ್ತೀರೆಂದು ಮೊದಲು ಬರಹದಲ್ಲಿ ಕೇಳಿಕೊಳ್ಳಲಿ. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆಂದಿಲ್ಲ, ಕಂಪನಿ ಅದನ್ನು ಹಾಗೆ ಓದದಿದ್ದರೆ ಒಳ್ಳೆಯದು.

ಕಂತಿನ ಲೆಕ್ಕದಲ್ಲಿ ನಾನು ಗ್ರಾಹಕರಿಗೆ ಹೇಳುವುದು ಇಷ್ಟೇ: ಕ್ಲೇಮಿಗೆ ಮುಂಚೆ ನಿಮ್ಮ ಕೈಯಿಂದ ಹಾಕಬೇಕಾದ ಮೊತ್ತ ವರ್ಷಕ್ಕೊಮ್ಮೆಯೋ, ಪ್ರತಿ ಕಾಯಿಲೆಗೊಮ್ಮೆಯೋ ನೋಡಿ. ಚರ್ಮ, ಕಿವಿ, ಕೀಲು ಎಂದು ಮೂರು ದೂರು ಒಟ್ಟಿಗೆ ಸಾಕುವ ನಾಯಿಗೆ ಎರಡನೆಯದು ಭಾರ. ನಾಯಿಗೆ ವಯಸ್ಸಾದಂತೆ ಕಂತು ಏರುವುದು ಸಾಮಾನ್ಯ, ಕೆಲವು ಕಡೆ ನಿಮ್ಮ ಪಾಲಿನ ಶೇಕಡಾವಾರೂ ಏರುತ್ತದೆ. ಹತ್ತನೇ ವರ್ಷದಲ್ಲೂ ಕಟ್ಟಬಲ್ಲ ಪಾಲಿಸಿಯನ್ನೇ ಮೊದಲ ವರ್ಷ ಆರಿಸಿಕೊಳ್ಳಿ. ನಡುವೆ ಕಂತು ಹೆಚ್ಚಾಯಿತೆಂದು ಬೇರೆ ಕಂಪನಿಗೆ ಹಾರಿದರೆ, ಅಲ್ಲಿಯವರೆಗೆ ಕಂಡ ಕೆಮ್ಮು, ಕುಂಟು, ಕೆರೆತ ಎಲ್ಲವೂ ಹೊಸ ಕಂಪನಿಗೆ ‘ಮೊದಲೇ ಇದ್ದ ಕಾಯಿಲೆ’ಯೇ ಆಗುತ್ತವೆ.