ಗಣಿಯಲ್ಲಿ ಕಲಿಸುವವರಿಗೆ ಟೈಮ್ ಕೊಡೋರು ಯಾರು?

ವರ್ಷಗಟ್ಟಲೆ ಹೈವೇಯಲ್ಲಿ ಲಾರಿ ಓಡಿಸಿದವರು ಗಣಿಗೆ ಬಂದರೆ ಮೊದಲು ಬಿಡಿಸಬೇಕಾದ್ದು ಒಂದೇ ಚಾಳಿ. ಇಳಿಜಾರು ಸಿಕ್ಕ ಕೂಡಲೇ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡುವುದು.

ತೆರೆದ ಗಣಿಯ ಸಾಗಣೆ ರಸ್ತೆ ಸಾಮಾನ್ಯವಾಗಿ 16 ಮೀಟರಿಗೆ 1 ಮೀಟರ್‌ಗಿಂತ ಜಾಸ್ತಿ ಇಳಿಜಾರು ಇರಬಾರದು ಅನ್ನುತ್ತದೆ ನಿಯಮ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಅಲ್ವಾ? ಅದಿರು ತುಂಬಿಕೊಂಡು ಆ ರಸ್ತೆಯಲ್ಲಿ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಬರೀ ಬ್ರೇಕ್ ತುಳಿಯುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಇಳಿಯುವ ಮೊದಲೇ ಕೆಳಗಿನ ಗೇರ್ ಹಾಕಬೇಕು, ಬ್ರೇಕ್ ತುಳಿಯದೆಯೇ ವೇಗ ತಗ್ಗಿಸುವ ರಿಟಾರ್ಡರ್ ಬಳಸಬೇಕು. ಕ್ಲಾಸಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮಾರನೇ ದಿನ ಪಕ್ಕದಲ್ಲಿ ಹಳೇ ಆಪರೇಟರ್ ಕೂತು ಎರಡು ಸಲ ಗದರಿದ ಮೇಲೆ ಕೈಗೆ ಅದು ರೂಢಿಯಾಗುತ್ತದೆ.

ಹಟ್ಟಿಯಂಥ ನೆಲದಡಿಯ ಚಿನ್ನದ ಗಣಿಯಲ್ಲಿ ಇದಕ್ಕಿಂತ ಸೂಕ್ಷ್ಮದ ಕೆಲಸವಿದೆ. ಬ್ಲಾಸ್ಟ್ ಆದಮೇಲೆ ಮೇಲಿನ ಬಂಡೆಯನ್ನು ಕಬ್ಬಿಣದ ಸರಳಿನಿಂದ ತಟ್ಟಿ ನೋಡುತ್ತಾರೆ. ಗಟ್ಟಿ ಬಂಡೆ ಠಣ್ ಎನ್ನುತ್ತದೆ. ಸಡಿಲವಾಗಿದ್ದರೆ ಟೊಳ್ಳು ಸದ್ದು ಬರುತ್ತದೆ. ಅದನ್ನು ಸರಳಿನಿಂದಲೇ ಮೀಟಿ ಕೆಡವಬೇಕು. ನಾವು ನಿಲ್ಲುವುದು ತಟ್ಟಿ ನೋಡಿ ಖಾತ್ರಿಯಾದ ಜಾಗದ ಕೆಳಗೆ, ಹಿಂದೆ ಓಡೋಕೆ ದಾರಿ ಖಾಲಿ ಇರಬೇಕು. ಈ ಸದ್ದಿನ ವ್ಯತ್ಯಾಸ ವಿಡಿಯೊ ತೋರಿಸಿದರೆ ಕಿವಿಗೆ ಹತ್ತುವುದಿಲ್ಲ. ಮೈನಿಂಗ್ ಮೇಟ್, ಅಂದರೆ ಶಿಫ್ಟಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿ, ಪಕ್ಕದಲ್ಲಿ ನಿಂತು 'ಈಗ ಕೇಳು' ಅನ್ನಬೇಕು.

ಕಾನೂನು ಇದನ್ನೆಲ್ಲ ಕಂಡಿಲ್ಲ ಅಂತಲ್ಲ. 1966ರ ವೃತ್ತಿ ತರಬೇತಿ ನಿಯಮಗಳು ಹೊಸಬರಿಗೆ ಮೊದಲು ತರಬೇತಿ, ಐದು ವರ್ಷಕ್ಕೊಮ್ಮೆ ಮರುತರಬೇತಿ ಅಂತ ಬರೆದಿಟ್ಟವು. ಆಮೇಲೆ ಗಣಿ ಉದ್ಯಮವೇ ಮುಂದೆ ಬಂತು. ಖನಿಜ ಉದ್ಯಮಗಳ ಒಕ್ಕೂಟ ಫಿಮಿ ಬೆಂಬಲದಲ್ಲಿ ಗಣಿ ವಲಯದ ಕೌಶಲ ಮಂಡಳಿ ಶುರುವಾಯಿತು. ಡಂಪರ್ ಆಪರೇಟರಿಗೆ ಏನು ಗೊತ್ತಿರಬೇಕು, ಮೇಟ್‌ಗೆ ಏನು ಗೊತ್ತಿರಬೇಕು ಎಂದು ಕೆಲಸ ಕೊಡೋರೇ ಕೂತು ಬರೆಯುವ ವ್ಯವಸ್ಥೆ ಇದು. ಐಟಿಐ ಪಠ್ಯಕ್ಕಿಂತ ಇದು ಕೆಲಸಕ್ಕೆ ಹತ್ತಿರ. ಹಳೇ ಚಾಲಕರ ಕೈಕೆಲಸ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ದಾರಿಯೂ ಇದೆ. ಅದು ಒಳ್ಳೇದೇ. ಆದರೆ ಇರುವ ಕೌಶಲಕ್ಕೆ ಮುದ್ರೆ ಒತ್ತುವುದೇ ಬೇರೆ, ಇಲ್ಲದ್ದನ್ನು ಕಲಿಸುವುದೇ ಬೇರೆ. ಸುಮ್ನೆ ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಬಾರದು.

ನನ್ನ ಪ್ರಕಾರ ತೊಂದರೆ ಇರುವುದು ಪಠ್ಯದಲ್ಲಲ್ಲ, ಶಿಫ್ಟಿನಲ್ಲಿ. ಕಲಿಸಬೇಕಾದ ಮೇಟ್ ಮೇಲೆಯೇ ಆ ದಿನದ ಟನ್ ಲೆಕ್ಕವೂ ಇರುತ್ತದೆ. ಹೊಸ ಹುಡುಗನ ಜೊತೆ ಅರ್ಧ ಗಂಟೆ ನಿಂತರೆ ಸಂಜೆ ಮ್ಯಾನೇಜರ್ ಕೇಳೋದು 'ಯಾಕಪ್ಪಾ ಕಡಿಮೆ?' ಅಂತಲೇ. ಗುತ್ತಿಗೆ ಕೆಲಸಗಾರರದ್ದಂತೂ ಇನ್ನೂ ಕಷ್ಟ. ಗುತ್ತಿಗೆದಾರನಿಗೆ ಸಿಗುವುದು ಟನ್ನಿಗಿಷ್ಟು ಎಂಬ ದರ. ತರಬೇತಿಯ ದಿನಗಳ ಕೂಲಿ ಅದರಲ್ಲೇ ಹೊಂದಿಸಬೇಕು. ಗುತ್ತಿಗೆ ಮುಗಿದರೆ ಕಲಿತ ಹುಡುಗ ಬೇರೆ ಗಣಿಗೆ ಹೋಗುತ್ತಾನೆ, ಹಾಗಾಗಿ ಖರ್ಚು ಮಾಡೋಕೆ ಯಾರಿಗೂ ಮನಸ್ಸಿಲ್ಲ.

ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿಯಿಂದ ತೊಂದರೆಯಾದ ಊರುಗಳಿಗೆ ಅಂತ ಗಣಿ ಮಾಲೀಕರು ಹಣ ಕಟ್ಟುವ ಜಿಲ್ಲಾ ಖನಿಜ ನಿಧಿಯಲ್ಲಿ ಕೌಶಲ ತರಬೇತಿ ಆದ್ಯತೆಯ ಬಾಬ್ತು. ಬಳ್ಳಾರಿಯಂಥ ಅದಿರಿನ ಜಿಲ್ಲೆಗಳಲ್ಲಿ ಈ ನಿಧಿಗೆ ಹಣ ಚೆನ್ನಾಗಿಯೇ ಬರುತ್ತದೆ. ಆ ಹಣದಲ್ಲಿ ಇನ್ನೊಂದು ಕಟ್ಟಡ, ಇನ್ನೊಂದು ಸಿಮ್ಯುಲೇಟರ್ (ಕೂತಲ್ಲೇ ಓಡಿಸಿ ಕಲಿಯುವ ಯಂತ್ರ) ಬರುವುದಕ್ಕಿಂತ ಗಣಿ ಸುತ್ತಲಿನ ಊರಿನ ಹುಡುಗರ ತರಬೇತಿ ಅವಧಿಯ ಕೂಲಿ ಬರಲಿ ಎನ್ನುತ್ತೇನೆ. ಸಿಮ್ಯುಲೇಟರ್ ಬೇಡ ಅಂತಲ್ಲ, ರಿಟಾರ್ಡರ್ ಬಳಕೆಗೆ ಅದು ಒಳ್ಳೇ ಸಾಧನ. ಬಂಡೆಯ ಸದ್ದಿಗೆ ಆಗುವುದಿಲ್ಲ ಅಷ್ಟೇ.

ಕಂಪನಿಗಳು ಮಾಡಬೇಕಾದ್ದು ಇದಕ್ಕಿಂತ ಸಣ್ಣದು. ಟೆಂಡರಿನಲ್ಲಿ ತರಬೇತಿ ದಿನಗಳಿಗೆ ಬೇರೆ ದರ ಬರೆಯಲಿ. ಹೊಸಬರ ಜೊತೆಗಿರುವ ಮೇಟ್‌ಗೆ ಆ ಶಿಫ್ಟಿನ ಟನ್ ಗುರಿ ಇಳಿಸಲಿ, ಅದನ್ನು ಶಿಫ್ಟ್ ರಿಜಿಸ್ಟರಿನಲ್ಲೇ ನಮೂದಿಸಲಿ. ಆಗ ಸಂಜೆ ಮ್ಯಾನೇಜರ್ 'ಯಾಕೆ ಕಡಿಮೆ' ಅಂದರೆ ತೋರಿಸೋಕೆ ಮೇಟ್ ಹತ್ತಿರ ಒಂದು ಸಾಲಾದರೂ ಇರುತ್ತದೆ.