ಪದರ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು

ಹಿಂದೆ ಲೆಕ್ಕ ಬರೆಯುತ್ತಿದ್ದ ಕಡತವನ್ನು ಕಂಡವರಿಗೆ ಪದರ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿದ ಜಾಗದಲ್ಲೇ ಹೊಸ ಲೆಕ್ಕ ಏರುತ್ತಿತ್ತು. ನೆನಪನ್ನು, ಕಾಲವನ್ನು ವಸ್ತುವಾಗಿಸಿಕೊಂಡ ಕಲಾವಿದರು ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಹಳೆಯ ಪತ್ರ, ಫೋಟೊ, ಪಂಚಾಂಗದ ಹಾಳೆ ಅಂಟಿಸುತ್ತಾರೆ, ಮೇಲೆ ಬಣ್ಣ ಹಚ್ಚುತ್ತಾರೆ, ಕೆರೆಯುತ್ತಾರೆ, ಮತ್ತೆ ಹಚ್ಚುತ್ತಾರೆ. ಸ್ಟುಡಿಯೋದಲ್ಲಿ ಕಂಡ ಆ ಆಳ ಗ್ಯಾಲರಿಯ ಗೋಡೆಗೆ ಬಂದಾಗ ಸತ್ತುಹೋಗುವುದುಂಟು. ತಪ್ಪು ಬಹುಪಾಲು ಬೆಳಕಿನದು.

ರೂಢಿಯಲ್ಲಿ ಚಾವಣಿಯ ಸ್ಪಾಟ್‌ಲೈಟನ್ನು ಲಂಬರೇಖೆಯಿಂದ ಸುಮಾರು 30 ಡಿಗ್ರಿ ವಾಲಿಸುತ್ತಾರೆ. ಸಪಾಟಾದ ಚಿತ್ರಕ್ಕೆ ಅಷ್ಟು ಸಾಕು. ಕೆರೆದ, ಉಬ್ಬಿದ ಮೈಗೆ ಗೋಡೆಗೆ ಹತ್ತಿರದಲ್ಲಿ, ಪಕ್ಕದಿಂದ, ಇನ್ನೊಂದು ಮಂದ ದೀಪ ಬೇಕು. ಆಗ ಒಂದು ಮಿಲಿಮೀಟರ್ ಎತ್ತರದ ಕಾಗದದ ಅಂಚೂ ನೆರಳು ಬೀಳಿಸುತ್ತದೆ. ಅಡಿಯಲ್ಲೊಂದು ಪತ್ರವಿದೆ ಎಂದು ಕಣ್ಣಿಗೆ ಗೊತ್ತಾಗುವುದು ಆ ನೆರಳಿನಿಂದಲೇ. ತೀರಾ ಓರೆಯಾದರೆ ಕ್ಯಾನ್‌ವಾಸಿನ ನೇಯ್ಗೆ ಎದ್ದು ನಿಂತು ಚಿತ್ರವನ್ನೇ ನುಂಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಇಬ್ಬರು ಬೇಕು: ಒಬ್ಬರು ಏಣಿಯ ಮೇಲೆ, ಒಬ್ಬರು ನೋಡುಗರು ನಿಲ್ಲುವ ಜಾಗದಲ್ಲಿ.

ಕಾಗದ, ಫೋಟೊ ಇರುವ ಕೃತಿಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ತೈಲವರ್ಣ 200ರವರೆಗೆ ತಡೆಯುತ್ತದೆ. ಎರಡನ್ನೂ ಒಂದೇ ಗೋಡೆಗೆ ತೂಗಿದರೆ ಕಾಗದದ ಕೃತಿ ಕತ್ತಲಲ್ಲಿ ಮುಳುಗಿದಂತೆ ಕಾಣುತ್ತದೆ. ಮಂದ ಬೆಳಕಿನವನ್ನೆಲ್ಲ ಒಂದೆಡೆ ಸೇರಿಸಿ. ಕೆಲವು ನಿಮಿಷಗಳಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಪದರಗಳ ಕ್ರಮದಲ್ಲಿ ರಿಯಾಯಿತಿ ಇಲ್ಲ. ನೀರಿನಲ್ಲಿ ಕಲಸುವ ಆಕ್ರಿಲಿಕ್ ಬಣ್ಣದ ಮೇಲೆ ತೈಲವರ್ಣ ನಿಲ್ಲುತ್ತದೆ, ತೈಲದ ಮೇಲೆ ಆಕ್ರಿಲಿಕ್ ಸಿಪ್ಪೆಯಂತೆ ಏಳುತ್ತದೆ. ತೈಲದಲ್ಲೂ ಎಣ್ಣೆ ಕಡಿಮೆಯಿರುವುದು ಕೆಳಗೆ, ಹೆಚ್ಚಿರುವುದು ಮೇಲೆ. ನಿಧಾನ ಒಣಗುವ ಪದರ ಅಡಿಯಲ್ಲಿ ಸಿಕ್ಕಿಕೊಂಡರೆ ಮೇಲಿನದು ಬಿರಿಯುತ್ತದೆ. ಬಿರುಕು ಬೇಕೆಂದೇ ಮಾಡಿದ್ದಾದರೆ ಕೃತಿಯ ಹಿಂಬದಿಯಲ್ಲಿ ಹಾಗೆಂದು ಬರೆದಿಡಿ. ಇಲ್ಲವಾದರೆ ಮುಂದೊಂದು ದಿನ ಯಾರೋ ಅದನ್ನು ಮುಚ್ಚಿ ‘ಸರಿ’ ಮಾಡಿಬಿಡುತ್ತಾರೆ.

ಅಜ್ಜನ ಪತ್ರವನ್ನು ಮರಗೆಲಸದ ಬಿಳಿ ಅಂಟಿನಿಂದ ಅಂಟಿಸುವುದು ದೊಡ್ಡ ನಷ್ಟ. ಮುಂದೆ ಅದನ್ನು ಹರಿಯದೆ ಬಿಡಿಸುವುದು ಬಹಳ ಕಷ್ಟ. ಗೋಧಿ ಪಿಷ್ಟದ ಅಂಟಾದರೆ ತೇವ ಮಾಡಿ ಬಿಡಿಸಬಹುದು. ಆದರೆ ಮುಂಬಯಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ 80 ಶೇಕಡಾ ದಾಟಿದಾಗ ಅದೇ ಪಿಷ್ಟ ಬೂಷ್ಟಿಗೆ ಊಟ. ಜುಲೈ, ಆಗಸ್ಟ್ ತಿಂಗಳಲ್ಲಿ ಇಂಥ ಕೃತಿಯನ್ನು ಹೊರಗೋಡೆಗೆ ಒತ್ತಿ ತೂಗಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಗಾಜು ಕಾಗದಕ್ಕೆ ತಾಗದಂತೆ 3-4 ಮಿಲಿಮೀಟರ್ ಅಂತರವಿರಲಿ, ತಾಗಿದರೆ ಫೋಟೊ ಗಾಜಿಗೇ ಹಿಡಿದುಕೊಳ್ಳುತ್ತದೆ. ಹಗಲು ಎಸಿ ಹಾಕಿ ರಾತ್ರಿ ಆರಿಸುವುದೂ ಒಳ್ಳೆಯದಲ್ಲ. ಕಾಗದ ದಿನವೂ ಹಿಗ್ಗಿ ಕುಗ್ಗಿ ಅಲೆಯಂತಾಗುತ್ತದೆ.

ಸಾಗಿಸುವಾಗ ಬಬಲ್ ರ‍್ಯಾಪ್ ನೇರ ಸುತ್ತಬಾರದು. ಸೆಕೆಗೆ ಮೆತ್ತಗಾದ ಆಕ್ರಿಲಿಕ್ ಮೇಲೆ ಗುಳ್ಳೆಗಳ ದುಂಡು ಅಚ್ಚು ಮೂಡುತ್ತದೆ, ಆಮೇಲೆ ಹೋಗದು. ಮೊದಲು ಗ್ಲಾಸಿನ್ ಎಂಬ ನುಣುಪಾದ ತೆಳು ಕಾಗದ, ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಮುಖವಾಗಿ.

ಮುಂಬಯಿಯ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ತಲೆಯೆತ್ತಲು ಒತ್ತಾಸೆಯಾದವರಲ್ಲಿ ನಮ್ಮ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರೂ ಒಬ್ಬರು. ಇಂದು ಅಂಥ ಗ್ಯಾಲರಿಗೆ ಬರುವವರಲ್ಲಿ ಕನ್ನಡ ಓದಬಲ್ಲವರು ಕೆಲವರೇ. ಹಾಗೆಂದು ಚಿತ್ರದೊಳಗಿನ ಕನ್ನಡ ಪತ್ರವನ್ನು ಪೂರ್ತಿ ಅನುವಾದಿಸಿ ಪಕ್ಕದಲ್ಲಿ ತೂಗಿದರೆ ಜನ ಅನುವಾದ ಓದಿ ಮುಂದೆ ಸಾಗುತ್ತಾರೆ, ಚಿತ್ರ ನೋಡುವುದಿಲ್ಲ. ಯಾರು ಯಾರಿಗೆ, ಯಾವ ವರ್ಷ ಬರೆದದ್ದು ಎಂಬ ಒಂದು ಸಾಲು ಸಾಕು. ಅದರ ಕೆಳಗೆ ‘ಮಿಶ್ರ ಮಾಧ್ಯಮ’ ಎಂದು ಕೈತೊಳೆದುಕೊಳ್ಳದೆ, ತಳದಿಂದ ಮೇಲಕ್ಕೆ ಒಂದೊಂದೇ ಪದರವನ್ನು ಬರೆಯಿರಿ: ಹತ್ತಿಬಟ್ಟೆ, ಹುಣಸೆಬೀಜದ ಅಂಟು, ಇದ್ದಿಲು, ಪತ್ರ, ಮೇಣ.